ಚಿತ್ತಮ್ಮನ ಬೆಂಡೆಕಾಯಿ ನೀರು

2024ರ ಜೂನ್ 9, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಮೊಳಕಾಲ್ಮೂರಿನಲ್ಲಿ, ನನ್ನ ಮಾವ ಗೋವಿಂದಪ್ಪನವರ ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 231 ಇತ್ತು. 130ರ ಒಳಗಿರಬೇಕು ಎಂದು ವೈದ್ಯರು ಹೇಳಿದ್ದರು.

"ಯಂತ್ರ ಹಳೇದು" ಅಂದರು ಮಾವ, ಬೆರಳನ್ನು ಹತ್ತಿಯಿಂದ ಒತ್ತಿಕೊಳ್ಳುತ್ತ.

"ಹೋದ ತಿಂಗಳು ತಂದದ್ದು ಮಾವ."

"ಹಂಗಾರೆ ಹೊಸದು. ಇನ್ನೂ ಪಳಗಿಲ್ಲ."

ನಾನು ನಗಲಿಲ್ಲ. ಮಾವನ ಎಡಗಾಲ ಹೆಬ್ಬೆರಳ ಪಕ್ಕ ಒಂದು ಗಾಯವಿತ್ತು. ಅವರದು ಗುಂಡಿ ಮಗ್ಗ. ನೇಯುವವರು ನೆಲಕ್ಕೆ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುತ್ತಿರಬೇಕು. ಹದಿನೇಳನೇ ವಯಸ್ಸಿನಿಂದ ನಲವತ್ತೊಂದು ವರ್ಷ ತುಳಿದ ಕಾಲು ಅದು. ಚಳ್ಳಕೆರೆಯಲ್ಲಿ ನಾನು ತೋರಿಸಿದ ವೈದ್ಯರು ಗಾಯದ ಅಗಲವನ್ನು ಅಳೆದು 11 ಮಿಲಿಮೀಟರ್ ಎಂದು ಬರೆದುಕೊಂಡಿದ್ದರು. ಸಕ್ಕರೆ ಇಳಿಯದೆ ಅದು ಮಾಯುವುದಿಲ್ಲ, ಸೆಪ್ಟೆಂಬರ್ ಒಂಬತ್ತಕ್ಕೆ ಮತ್ತೆ ಕರೆತನ್ನಿ, ಅಷ್ಟರಲ್ಲಿ ಮಾಯುವ ಲಕ್ಷಣ ಕಾಣದಿದ್ದರೆ ಮಗ್ಗ ಬಿಡಿಸಬೇಕಾಗುತ್ತದೆ ಎಂದಿದ್ದರು. ಅದರ ಆಚೆಗಿನ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಜೊತೆ, ಐನೂರು ಮಿಲಿಗ್ರಾಮಿನ ಮೆಟ್‌ಫಾರ್ಮಿನ್ ಮಾತ್ರೆ. ಮಾವ ಅದನ್ನು ತಲೆ ಸುತ್ತಿದ ದಿನ ತೆಗೆದುಕೊಳ್ಳುತ್ತಿದ್ದರು. ತಲೆ ಸುತ್ತದ ದಿನ ಅದು ಗೋಡೆಯ ಗೂಡಿನಲ್ಲಿ, ನೂಲನ್ನು ಅತ್ತಿತ್ತ ಒಯ್ಯುವ ಮಗ್ಗದ ಲಾಳಿಯ ಪಕ್ಕದಲ್ಲಿ ಇರುತ್ತಿತ್ತು.

"ಇವತ್ತಿಂದ ಮಾತ್ರೆ ಬಂದ್" ಎಂದು ಮಾವ ಫೋನನ್ನು ನನ್ನ ಕೈಗಿಟ್ಟರು. ಬಿಳಿ ಕೋಟು ತೊಟ್ಟ ಒಬ್ಬರು ಪರದೆಯ ಮುಂದೆ ನಿಂತು, ಎರಡು ಬೆಂಡೆಕಾಯಿಯನ್ನು ಸೀಳಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಮೇತ ಹೋಗುತ್ತದೆ ಎನ್ನುತ್ತಿದ್ದರು. ಅದನ್ನು ನೋಡಿದವರು ಹದಿನಾಲ್ಕು ಲಕ್ಷ ಮಂದಿ.

"ಹದಿನಾಲ್ಕು ಲಕ್ಷ ಜನ ದಡ್ಡರಾ ಅಳಿಯಂದ್ರೆ?"

"ಅವರು ನೋಡಿದ್ದಾರೆ ಮಾವ, ಕುಡಿದಿಲ್ಲ. ಕುಡಿದವರಿಗೆ ಏನಾಯ್ತು ಅಂತ ಇದರಲ್ಲಿ ಎಲ್ಲಿ ಐತೆ?"

"ಕೋಟು ಹಾಕ್ಕೊಂಡು ಸುಳ್ಳು ಹೇಳ್ತಾರಾ?"

ಹೀಗೆ ಕೇಳಿದ ಮನುಷ್ಯ ಯಾರು ಎಂಬುದನ್ನು ಇಲ್ಲಿ ಹೇಳಬೇಕು. ಮಾವ ಜರಿ ಮಾರುವವರ ಮಾತನ್ನು ಜನ್ಮದಲ್ಲಿ ನಂಬಿದವರಲ್ಲ. ಎಳೆಯನ್ನು ಕಡ್ಡಿ ಗೀರಿ ಸುಟ್ಟು, ಉಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಣ್ಣ ಗಟ್ಟಿ ಎಂದು ಯಾರಾದರೂ ಆಣೆ ಇಟ್ಟರೆ, ಆ ಎಳೆಯನ್ನು ಎಂಜಲಲ್ಲಿ ನೆನೆಸಿ ಪಂಚೆಯ ಅಂಚಿಗೆ ತಿಕ್ಕುತ್ತಾರೆ. ಅವರ ಪಂಚೆಗಳ ಅಂಚಿನಲ್ಲಿ ಊರಿನ ಎಲ್ಲ ಬಣ್ಣದ ಸುಳ್ಳುಗಳೂ ಇವೆ. ಬೆಂಡೆಕಾಯಿಗೆ ಮಾತ್ರ ಅವರು ಪಂಚೆ ಹಿಡಿಯಲಿಲ್ಲ.

ನಾನು ಚಳ್ಳಕೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ತರಗತಿಯಲ್ಲಿ ಎಂಬತ್ತು ಮಂದಿಗೆ ತಪ್ಪು ಎಂದು ಹೇಳಬಲ್ಲೆ, ಮಾವನ ಮನೆಯಲ್ಲಿ ಒಬ್ಬರಿಗೂ ಹೇಳಲಾರೆ. ಅಳಿಯನಾದವನು ಅಲ್ಲಿ ಚಾಪೆಯ ಮೇಲೆ ಕೂತು, ಬಡಿಸಿದ್ದನ್ನು ತಿಂದು, ಕೇಳಿದ್ದಕ್ಕೆ ಹೂಂ ಅನ್ನಬೇಕು. ಆದ್ದರಿಂದ ವಾದಕ್ಕೆ ಹೋಗದೆ ಒಂದು ಪ್ರಯೋಗ ಹೂಡಿದೆ. ಶನಿವಾರ ಸಂಜೆಯ ಬಸ್ಸಿಗೆ ನಾನೂ ನನ್ನ ಹೆಂಡತಿ ಹರಿಪ್ರಿಯಾಳೂ ಹೇಗಿದ್ದರೂ ಬರುತ್ತಿದ್ದೆವು. ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ಯಂತ್ರದಲ್ಲಿ ನೋಡಿ ಪುಸ್ತಕದಲ್ಲಿ ಬರೆಯುವುದು, 250 ದಾಟಿದರೆ ಮಾವ ಮರುಮಾತಿಲ್ಲದೆ ಮಾತ್ರೆಗೆ ಮರಳುವುದು ಎಂದು ಗೊತ್ತುಮಾಡಿದೆ.

"ಇಳಿದ್ರೆ?" ಮಾವ ಕೇಳಿದರು.

"ಇಳಿದರೆ ನೀವು ಹೇಳಿದ ಹಾಗೆ."

"ಇಳಿದ್ರೆ ಪೆದ್ದಣ್ಣನ ಎದುರಿಗೆ ನಿಂತು ಬೆಂಡೆಕಾಯಿ ದೊಡ್ಡದು ಅನ್ನಬೇಕು ನೀವು."

ಪೆದ್ದಣ್ಣ ಎದುರು ಮನೆಯವರು. ಅವರದೂ ಮಗ್ಗ, ಅವರಿಗೂ ಸಕ್ಕರೆ, ಅವರದೂ ಅದೇ ಮಾತ್ರೆ. ಇಬ್ಬರೂ ಮೂವತ್ತು ವರ್ಷದಿಂದ ಒಬ್ಬರ ಸೀರೆಯ ಅಂಚನ್ನು ಇನ್ನೊಬ್ಬರು ಆಡಿಕೊಳ್ಳುತ್ತ ಬಂದ ಸ್ನೇಹಿತರು. ನಾನು ಒಪ್ಪಿದೆ. ಎರಡೇ ವಾರದಲ್ಲಿ ಸಂಖ್ಯೆ ಏರುತ್ತದೆ, ಗಾಬರಿಯಾಗುತ್ತಾರೆ, ಮುಗಿಯಿತು ಎಂದು ನನ್ನ ಲೆಕ್ಕ.

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆ ಚಿತ್ತಮ್ಮ ಆವತ್ತು ಒಂದೇ ಮಾತು ಕೇಳಿದರು. "ಬೆಳಿಗ್ಗೆ ಒಂದು ಸಲ ಸಾಕಾ, ಎರಡು ಹೊತ್ತು ಕುಡಿಬೇಕಾ?"

"ಅವನು ಬೆಳಿಗ್ಗೆ ಅಂದ" ಅಂದರು ಮಾವ.

"ಎರಡು ಹೊತ್ತೂ ಕುಡಿರಿ. ಬೇಗ ವಾಸಿ ಆಗ್ತೈತೆ."

ಮಾವನಿಗೆ ಇದು ಬಹಳ ಹಿಡಿಸಿತು. "ನೋಡ್ರಿ, ಇವಳಿಗೇ ನಂಬಿಕೆ ಬಂತು" ಎಂದರು.

ಜೂನ್ 16ರಂದು 208 ಬಂತು. ಏನೋ ಏರುಪೇರು ಇರಬಹುದೆಂದು ಮತ್ತೊಂದು ಬೆರಳಲ್ಲಿ ನೋಡಿದೆ, 206. ಜೂನ್ 23ಕ್ಕೆ 177. ಜೂನ್ 30ಕ್ಕೆ 149.

ನಾನು ಆ ಸಂಖ್ಯೆಯನ್ನು ಬರೆದು, ಪುಸ್ತಕ ಮುಚ್ಚಿ, ಮತ್ತೆ ತೆರೆದು ನೋಡಿದೆ. ಊಟ ಬದಲಾಗಿದೆಯೇ ಎಂದು ವಿಚಾರಿಸಿದೆ. ಇಲ್ಲ, ಮುದ್ದೆ ಅಷ್ಟೇ, ಅನ್ನ ಅಷ್ಟೇ, ಹರಿಪ್ರಿಯಾ ತಂದ ಮೈಸೂರುಪಾಕಿನಲ್ಲಿ ಅರ್ಧ ಕಾಣೆಯಾಗಿದ್ದು ಮಾತ್ರ ಹೆಚ್ಚು. ನಡಿಗೆ? ಮಗ್ಗದಿಂದ ಚಹಾ ಅಂಗಡಿಗೆ, ಅಂಗಡಿಯಿಂದ ಮಗ್ಗಕ್ಕೆ. ನಿದ್ದೆ, ತೂಕ, ಎಲ್ಲ ಹಾಗೇ. ಗಾಯದ ಸುತ್ತಲ ಕೆಂಪು ಮಾತ್ರ ಸ್ವಲ್ಪ ಇಳಿದಿತ್ತು.

ಮಾವ ಪೆದ್ದಣ್ಣನನ್ನು ಕೂಗಿ ಕರೆದರು. "ಲೇ ಪೆದ್ದಣ್ಣ, ಬಾರೋ ಇಲ್ಲಿ. ನಮ್ಮ ಅಳಿಯಂದ್ರು ಏನೋ ಹೇಳ್ಬೇಕಂತೆ."

"ಮಾವ, ಒಬ್ಬರ ಮೇಲೆ ನೋಡಿ ಹಂಗೆ ಹೇಳಕ್ಕಾಗಲ್ಲ" ಅಂದೆ.

"ಒಬ್ಬ ಸಾಲದು ಅಂದ್ರೆ ನಾನು ಎಷ್ಟು ಜನ ಆಗಬೇಕು?"

"ಇನ್ನೂ ಹತ್ತಾರು ಮಂದಿ ಕುಡಿದು ನೋಡಬೇಕು. ಹತ್ತಾರು ಮಂದಿ ಕುಡಿಯದೆ ಇರಬೇಕು."

"ಕುಡಿಯದೆ ಇರೋರು ಏನು ಮಾಡ್ತಾರೆ?"

"ಸುಮ್ಮನೆ ಇರ್ತಾರೆ. ಅವರನ್ನೂ ಅಳೀತೀವಿ."

ಮಾವ ಪೆದ್ದಣ್ಣನ ಕಡೆ ತಿರುಗಿದರು. "ಕೇಳಿದ್ಯಾ? ಸುಮ್ಮನೆ ಇದ್ದೋರನ್ನ ಅಳಿಯೋಕೆ ಎಂಎಸ್ಸಿ ಓದ್ಯಾರೆ."

ಪೆದ್ದಣ್ಣ ನಕ್ಕರೂ ಅವರ ಮುಖದಲ್ಲಿ ಸಂಕಟವಿತ್ತು. ಅವರೂ ಒಂದು ವಾರದಿಂದ ಮಾತ್ರೆ ಬಿಟ್ಟು ಬೆಂಡೆಕಾಯಿ ನೀರು ಕುಡಿಯುತ್ತಿದ್ದರು, ಸೊಸೆ ಸರ್ವಮಂಗಳ ಕಲಸಿ ಕೊಡುತ್ತಿದ್ದಳು. ಶುರು ಮಾಡಿದ ದಿನ 162 ಇದ್ದದ್ದು ಈಗ 205. ಮುಂದಿನ ಭಾನುವಾರ 238. ಮಾವನದು ಅದೇ ದಿನ 146.

ಒಂದೇ ಗಾಡಿಯ ಬೆಂಡೆಕಾಯಿ, ಒಂದೇ ನಲ್ಲಿಯ ನೀರು. ಕಾರಣಗಳು ಮಾತ್ರ ಓಣಿಯ ತುಂಬ ಹುಟ್ಟಿಕೊಂಡವು. ಸರ್ವಮಂಗಳ ಅಡ್ಡಕ್ಕೆ ಸೀಳುತ್ತಾಳೆ, ಉದ್ದಕ್ಕೆ ಸೀಳಬೇಕು ಅಂದರು ಒಬ್ಬರು. ತೊಟ್ಟು ತೆಗೆಯಬಾರದು ಅಂದರು ಇನ್ನೊಬ್ಬರು. ಪೆದ್ದಣ್ಣ ಅನುಮಾನದಿಂದ ಕುಡಿಯುತ್ತಾನೆ, ಅದಕ್ಕೇ ಹತ್ತುತ್ತಿಲ್ಲ ಎಂಬುದು ಮಾವನ ಅಭಿಪ್ರಾಯ. "ಮೂಗು ಹಿಡ್ಕೊಂಡು ಕುಡಿತಾನ್ರಿ. ಹಂಗೆ ಕುಡಿದ್ರೆ ಬೆಂಡೆಕಾಯಿಗೆ ಬೇಜಾರಾಗಲ್ವಾ?"

ಪೆದ್ದಣ್ಣನ ಸಂಖ್ಯೆ ನನ್ನ ಗಡಿಯ ಹತ್ತಿರ ಬಂದಿತ್ತು. ಮಾತ್ರೆಗೆ ಮರಳಿ ಎಂದರೆ ಅವರು ಕೇಳಲಿಲ್ಲ. ಗೋವಿಂದಪ್ಪನಿಗೆ ಇಳಿದದ್ದು ತನಗೆ ಏಕೆ ಇಳಿಯಬಾರದು ಎಂಬ ಹಟ. ಆಗ ದಾರಿ ತೋರಿಸಿದವರು ಮಾವನೇ.

"ಅಳಿಯಂದ್ರೆ, ಸೀರೇಲಿ ಒಂದು ಕಡೆ ಬಣ್ಣದ ಗೆರೆ ಬೀಳ್ತದೆ ಅನ್ಕೊಳ್ರಿ. ತಪ್ಪು ನೂಲಿಂದೋ ಮಗ್ಗದ್ದೋ ಗೊತ್ತಾಗಲ್ಲ. ನಾವೇನು ಮಾಡ್ತೀವಿ? ನನ್ನ ಕಂಡಿಕೆ ತೆಗೆದು ಪೆದ್ದಣ್ಣನ ಲಾಳಿಗೆ ಹಾಕ್ತೀವಿ, ಅವನದ್ದು ನನಗೆ."

ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕೊಳವೆ. ಗೆರೆ ಕಂಡಿಕೆಯ ಜೊತೆ ಹೋದರೆ ತಪ್ಪು ನೂಲಿನದು. ಇಲ್ಲೇ ಉಳಿದರೆ ಮಗ್ಗದ್ದು. ನಾನು ಎರಡು ವರ್ಷ ಓದಿ ಕಲಿತದ್ದನ್ನು ಮಾವ ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಹೇಳಿ ಮುಗಿಸಿದ್ದರು.

"ನಮ್ಮನೆ ನೀರು ಅವನು ಕುಡೀಲಿ, ಅವನ ಮನೆ ನೀರು ನಾನು. ಒಂದು ವಾರ."

"ಬ್ಯಾಡ" ಎಂದರು ಅತ್ತೆ ಒಳಗಿನಿಂದ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಯಾಕೆ?"

"ಬೇರೆ ಮನೆ ನೀರು ನಿಮಗೆ ಹಿಡಿಯಲ್ಲ."

"ಮೂವತ್ತು ವರ್ಷದಿಂದ ಅವನ ಮನೇಲಿ ಚಹಾ ಕುಡಿದಿಲ್ವೇನೇ?"

ಮರುದಿನದಿಂದ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಎರಡು ಸ್ಟೀಲ್ ಲೋಟಗಳು ತಟ್ಟೆ ಮುಚ್ಚಿಕೊಂಡು ಓಣಿಯ ನಡುವೆ ಎದುರುಬದುರು ದಾಟತೊಡಗಿದವು.

ಜುಲೈ 14. ಮಾವ 189. ಪೆದ್ದಣ್ಣ 197.

ಒಬ್ಬರದು ಏರಿತ್ತು, ಇನ್ನೊಬ್ಬರದು ಇಳಿದಿತ್ತು. ಗೆರೆ ಕಂಡಿಕೆಯ ಜೊತೆಗೇ ಹೋಗಿತ್ತು. ಮಾವ ತೀರ್ಪು ಕೊಟ್ಟರು. "ಬೆಂಡೆಕಾಯಿ ಒಂದೇ, ನೀರು ಒಂದೇ. ಕಲಸೋ ಕೈ ಬೇರೆ. ಇದು ಚಿತ್ತಮ್ಮನ ಕೈಗುಣ."

ಓಣಿ ಈ ತೀರ್ಪನ್ನು ಹತ್ತು ನಿಮಿಷದಲ್ಲಿ ಒಪ್ಪಿಕೊಂಡಿತು. ನಾನು ಒಪ್ಪದೆ, ಪೆದ್ದಣ್ಣ ಕುಡಿದಿಟ್ಟ ಲೋಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ತಳದಲ್ಲಿ ಲೋಳೆ ಇತ್ತು. ಲೋಳೆಯ ಕೆಳಗೆ, ಲೋಟ ಓರೆ ಮಾಡಿದರೆ ಮಾತ್ರ ಕಾಣುವಷ್ಟು, ಬಿಳಿ ಹಿಟ್ಟು. ಬೆಂಡೆಕಾಯಿಯಲ್ಲಿ ಬಿಳಿ ಹಿಟ್ಟು ಇರುವುದಿಲ್ಲ. ನಾಲಿಗೆಯ ತುದಿಗೆ ತಾಗಿಸಿದೆ. ಕಹಿ.

ಅಡಿಗೆಮನೆಗೆ ಹೋದೆ. ಒಲೆಯ ಪಕ್ಕ, ಶುಂಠಿ ಜಜ್ಜುವ ಪುಟ್ಟ ಕುಟ್ಟಾಣಿಯನ್ನು ತೊಳೆದು ಮಗುಚಿಟ್ಟಿತ್ತು. ಆ ಮನೆಯಲ್ಲಿ ಯಾರೂ ಶುಂಠಿ ಚಹಾ ಕುಡಿಯುವುದಿಲ್ಲ. ಗೋಡೆಯ ಗೂಡಿನಲ್ಲಿದ್ದ ಮಾತ್ರೆಯ ಹಾಳೆಗಳನ್ನು ಎಣಿಸಿದೆ. ಜೂನ್ ಒಂಬತ್ತಕ್ಕೆ ನಾನೇ ತಂದಿಟ್ಟದ್ದು ಅರವತ್ತು. ಯಾರೂ ತೆಗೆದುಕೊಳ್ಳದ ಆ ಅರವತ್ತರಲ್ಲಿ ಈಗ ಒಂದು ಉಳಿದಿತ್ತು.

"ಅತ್ತೆ" ಅಂದೆ.

ಅವರು ತಿರುಗದೆ ಅಕ್ಕಿ ತೊಳೆಯುತ್ತಲೇ ಇದ್ದರು. "ನಿಮಗೆ ಗೊತ್ತಾಗ್ತೈತೆ ಅಂತ ನಂಗೆ ಗೊತ್ತಿತ್ತು. ಅವರಿಗೆ ಹೇಳಬ್ಯಾಡ್ರಿ."

"ಪುಡಿ ಮಾಡಿ ಹಾಕಿದ್ರಾ?"

"ಇನ್ನೇನು ಮಾಡ್ಲಿ? ಮಾತ್ರೆ ಕೊಟ್ರೆ ನಾಳೆ ಅಂತಾರೆ. ನೀರು ಕೊಟ್ರೆ ಕೈ ಚಾಚ್ತಾರೆ. ಆ ಲೋಳೇಲಿ ಏನು ಹಾಕಿದ್ರೂ ಗೊತ್ತಾಗಲ್ಲ. ಈ ವಾರ ಸಾರಿಗೆ ಹಾಕಿದೆ, ಚೇದು, ಕಹಿ ಕಹಿ ಅಂತ ತಟ್ಟೆ ಸರಿಸಿದ್ರು. ಮೆಂತ್ಯ ಜಾಸ್ತಿ ಆಯ್ತು ಅಂದೆ."

ಎರಡು ಹೊತ್ತು ಕುಡಿಯಬೇಕು ಎಂದು ಅವರು ಹಟ ಹಿಡಿದದ್ದು ಈಗ ಅರ್ಥವಾಯಿತು.

"ಪೆದ್ದಣ್ಣಂಗೂ ಹಾಕಿದ್ರಲ್ಲ ಅತ್ತೆ. ಯಾರ ಮಾತ್ರೇನ ಯಾರಿಗೋ ಕೊಡಬಾರದು. ಏನಾದ್ರೂ ಆಗಿದ್ರೆ?"

"ಅಷ್ಟು ತಿಳೀದಾ ನಂಗೆ? ಸರ್ವಮಂಗಳನ್ನ ಕರ್ದು ಅವರ ಮಾತ್ರೆ ತರಿಸ್ದೆ. ಅವಳಿಗೆ ಎಲ್ಲಾ ಗೊತ್ತು. ಅವರದ್ದು ಅವರಿಗೇ ಹಾಕಿದೀನಿ. ದಿನಾ ಎರಡು, ನಿಮ್ಮ ಡಾಕ್ಟ್ರು ಹೇಳಿದಂಗೆ."

ಅದೃಷ್ಟಕ್ಕೆ ಎರಡೂ ಸಾದಾ ಮಾತ್ರೆ. ನಿಧಾನವಾಗಿ ಕರಗಲೆಂದೇ ಮಾಡಿದ ಬಗೆಯಾಗಿದ್ದರೆ ಪುಡಿ ಮಾಡುವುದು ತಪ್ಪಾಗುತ್ತಿತ್ತು. ಅದನ್ನೂ ಹೇಳಿದೆ. ಅತ್ತೆ ತಲೆ ಆಡಿಸಿದರು. ಮಾವನಿಗೆ ಯಾರು ಹೇಳಬೇಕು ಎಂಬುದನ್ನು ಇಬ್ಬರೂ ಎತ್ತಲಿಲ್ಲ. ಹೇಳಿದರೆ, ಮೋಸ ಮಾಡಿದಿರಿ ಎಂದು ಮಾವ ಮಾತ್ರೆಯನ್ನು ಕಾಲುವೆಗೆ ಎಸೆದಾರು. ಹೇಳದಿದ್ದರೆ ಓಣಿ ಮಾತ್ರೆ ಬಿಡುತ್ತದೆ.

ಸಂಜೆ ಐದಕ್ಕೆ ಆ ಆಯ್ಕೆಯೂ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಬಾಗಿಲಲ್ಲಿ ಹನ್ನೊಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರೊಳಗೂ ಎರಡೆರಡು ಬೆಂಡೆಕಾಯಿ. ಕೈಯಾಡಿಸಿ ಕೊಟ್ಟರೆ ಸಾಕು ಎಂದು ಬಂದವರು ಜಗಲಿಯ ಮೇಲೆ ಕೂತಿದ್ದರು. ಮಾವ ಸರದಿ ನೋಡಿಕೊಳ್ಳುತ್ತಿದ್ದರು.

"ರೇಣುಕಮ್ಮ, ನಿನಗೆ ಸಕ್ಕರೆ ಇಲ್ವಲ್ಲ?"

"ಮೊಣಕಾಲು ನೋವಿಗಪ್ಪ. ಕೈಗುಣ ಅಂದ್ಮೇಲೆ ಎಲ್ಲಾದಕ್ಕೂ ಆಗಬೇಕಲ್ವಾ?"

"ನಾನು ಆಗಲೇ ಮಾತ್ರೆ ಬಿಸಾಕಿ ಬಂದೆ" ಎಂದರು ಹಿಂದೆ ಕೂತಿದ್ದ ಪಾತಣ್ಣ.

ಅತ್ತೆ ಹೊರಗೆ ಬಂದರು. ಬಾಟಲಿಗಳನ್ನು ನೋಡಿದರು, ಪಾತಣ್ಣನನ್ನು ನೋಡಿದರು, ಕೊನೆಗೆ ನನ್ನನ್ನು. ನಾನು, ನಾಚಿಕೆಯಿಂದ ಹೇಳುತ್ತೇನೆ, ಚಾಪೆಯನ್ನು ನೋಡಿದೆ.

"ಪಾತಣ್ಣ, ಹೋಗಿ ಆ ಮಾತ್ರೆ ಹುಡುಕ್ಕೋ" ಎಂದರು ಅತ್ತೆ. "ನನ್ನ ಕೈಲಿ ಏನೂ ಇಲ್ಲ. ಆ ನೀರಿಗೆ ನಾನು ಮಾತ್ರೆ ಅರೆದು ಹಾಕ್ತಿದ್ದೆ."

ಮಾವ ಎದ್ದು ಒಳಗೆ ಹೋಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರು. ಲಾಳಿ ನಾಲ್ಕು ಸಲ ಆಚೆಗೆ ಹೋಯಿತು, ನಾಲ್ಕು ಸಲ ಈಚೆಗೆ ಬಂತು. ನಿಂತಿತು.

"ಯಾವಾಗಿಂದ?"

"ಶುರು ಮಾಡಿದ ದಿನದಿಂದ."

"ಒಂದೂ ದಿನ ತಪ್ಪಿಲ್ವಾ?"

"ನೀವು ಆ ಮನೆ ನೀರು ಕುಡಿದ ವಾರ ಬಿಟ್ಟು, ಒಂದೂ ಹೊತ್ತು ತಪ್ಪಿಲ್ಲ."

"ಸಾರು ಕಹಿ ಇತ್ತಲ್ಲ—"

"ಅದೂ ನಾನೇ."

ಹೊರಗಿನಿಂದ ಪೆದ್ದಣ್ಣನ ದನಿ ಬಂತು. "ಅಂದ್ರೆ ನಂಗೂ?"

"ನಿಮ್ಮ ಮಾತ್ರೇನೇ ಅಣ್ಣ. ಸರ್ವಮಂಗಳನ್ನ ಕೇಳ್ರಿ."

ಎದುರು ಮನೆಯ ಬಾಗಿಲಲ್ಲಿದ್ದ ಸರ್ವಮಂಗಳ ತಟ್ಟನೆ ಒಳಗೆ ಹೋದಳು.

ಮಾವ ನನ್ನನ್ನು ಕರೆದರು. ಗುಂಡಿಯಿಂದ ಮೇಲೇಳಲಿಲ್ಲ. "ಮೇಷ್ಟ್ರೆ, ಬೆಂಡೆಕಾಯಿ ಏನೂ ಮಾಡೇ ಇಲ್ವಾ? ನಿಜ ಹೇಳ್ರಿ, ಅಳಿಯ ಅಂತ ಹೇಳಬ್ಯಾಡ್ರಿ."

ಮೊದಲ ಸಲ ಅವರು ನನ್ನ ವೃತ್ತಿಯ ಹೆಸರಿನಿಂದ ಕರೆದಿದ್ದರು. ಗೊತ್ತಿದ್ದಷ್ಟನ್ನು ಹೇಳಿದೆ. ಬೆಂಡೆಕಾಯಿಯ ಮೇಲೆ ಕೆಲವು ಸಣ್ಣ ಅಧ್ಯಯನಗಳಾಗಿವೆ, ಸ್ವಲ್ಪ ಜನ, ಸ್ವಲ್ಪ ವಾರ. ಕೆಲವರಲ್ಲಿ ಸಕ್ಕರೆ ತುಸು ಇಳಿದಂತೆ ಕಂಡಿದೆ. ಆದರೆ ಅದನ್ನು ನಂಬಿ ಮಾತ್ರೆ ಬಿಡಬಹುದು ಎನ್ನುವಷ್ಟು ಪುರಾವೆ ಇಲ್ಲ. ಇಲಿಗಳಲ್ಲಿ ನೋಡಿದಾಗ, ಬೆಂಡೆಯ ಲೋಳೆ ಇದೇ ಮಾತ್ರೆ ಹೊಟ್ಟೆಯಲ್ಲಿ ಹೀರಿಕೊಳ್ಳುವುದಕ್ಕೆ ಅಡ್ಡ ಬಂದದ್ದೂ ಉಂಟು. ಆದ್ದರಿಂದ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಬೆಂಡೆಕಾಯಿಯನ್ನು ಪಲ್ಯ ಮಾಡಿಕೊಂಡು ತಿನ್ನಿ.

"ಇಲಿಗೂ ಸಕ್ಕರೆ ಕಾಯಿಲೆ ಬರ್ತದಾ?"

"ಬರೋ ಹಂಗೆ ಮಾಡ್ತಾರೆ ಮಾವ."

"ಪಾಪ" ಅಂದರು ಮಾವ. ಸ್ವಲ್ಪ ಹೊತ್ತು ಇಲಿಯ ಬಗ್ಗೆ ಯೋಚಿಸಿದರು. ಆಮೇಲೆ ನನ್ನ ಪುಸ್ತಕ ಕೇಳಿ ತೆಗೆದುಕೊಂಡು, ಸೀರೆಯ ಅಂಚು ನೋಡುವಂತೆ ಕಣ್ಣಿನ ಹತ್ತಿರ ಹಿಡಿದು, ಸಂಖ್ಯೆಗಳ ಮೇಲೆ ಬೆರಳು ಆಡಿಸಿದರು. 231ರ ಮೇಲೆ ನಿಂತರು. 146ರ ಮೇಲೆ ನಿಂತರು. 189ರ ಮೇಲೆ ಬಹಳ ಹೊತ್ತು ನಿಂತರು.

"ಬರೀ ಬೆಂಡೆಕಾಯಿ ಅಂದ್ರೆ ಇದು" ಎಂದರು.

"ಹೌದು."

"ಆಯ್ತು. ಬಣ್ಣ ಬಿಡ್ತು" ಎಂದು ಪುಸ್ತಕ ಹಿಂದಿರುಗಿಸಿದರು. ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಒಪ್ಪಿಗೆ ಇರಲಿಲ್ಲ.

ಎದ್ದು ಜಗಲಿಗೆ ಹೋಗಿ, ಬಾಟಲಿಗಳನ್ನು ಒಬ್ಬೊಬ್ಬರಿಗೇ ಹಿಂದಕ್ಕೆ ಕೊಟ್ಟರು. ಪಾತಣ್ಣನ ಜೊತೆ ತಾವೇ ಹೋಗಿ, ತಿಪ್ಪೆಯ ಮೇಲಿನಿಂದ ಮಾತ್ರೆಯ ಹಾಳೆ ಹುಡುಕಿಸಿದರು. ರೇಣುಕಮ್ಮ ಮಾತ್ರ ಬಾಟಲಿ ತೆಗೆದುಕೊಳ್ಳಲಿಲ್ಲ. ನನ್ನ ನೋವು ಸಕ್ಕರೆಯದ್ದಲ್ಲ, ನನಗೆ ಕೈಯಾಡಿಸಿ ಕೊಡಲಿ ಎಂದು ಕತ್ತಲಾಗುವವರೆಗೂ ಕೂತಿದ್ದರು.

ಮರುದಿನದಿಂದ ಮಾತ್ರೆಯನ್ನು ಅತ್ತೆಯೇ ಅಂಗೈ ಮೇಲಿಟ್ಟು ಕೊಡಬೇಕು, ಎರಡು ಹೊತ್ತೂ, ಊಟದ ಜೊತೆ, ಅದೇ ಸ್ಟೀಲ್ ಲೋಟದ ನೀರಿನೊಡನೆ ಎಂಬುದು ಮಾವ ಹಾಕಿದ ಒಂದೇ ಷರತ್ತು. ಯಾಕೆಂದು ನಾನು ಕೇಳಲಿಲ್ಲ. ಅದನ್ನು ಅವರು ಚಳ್ಳಕೆರೆಯಲ್ಲಿ, ವೈದ್ಯರ ಎದುರಿಗೇ ವಿವರಿಸಿದರು.

ಅಂದು ಸೆಪ್ಟೆಂಬರ್ 9, ಸೋಮವಾರ. ನಾನು ಕಾಲೇಜಿಗೆ ರಜೆ ಹಾಕಿ ಜೊತೆಗಿದ್ದೆ. ಅತ್ತೆ ಬೆಂಚಿನ ತುದಿಯಲ್ಲಿ ಸೆರಗು ಹಿಡಿದು ಕೂತಿದ್ದರು. ವೈದ್ಯರು ನನ್ನ ಪುಸ್ತಕವನ್ನು ಮೊದಲ ಪುಟದಿಂದ ನೋಡುತ್ತ, ಯಾವುದರಿಂದ ಇಳಿಯಿತು ಎಂದು ಕೇಳಿದರು.

"ಇವಳ ಕೈಗುಣ" ಅಂದರು ಮಾವ.

"ಮಾವ, ಅದು ಮಾತ್ರೆ" ಅಂದೆ. ಅಳಿಯನಾಗಿ ಹದಿನಾಲ್ಕು ವರ್ಷದಲ್ಲಿ ಅದು ನಾನು ಅವರ ಮಾತನ್ನು ನೇರವಾಗಿ ತಪ್ಪು ಎಂದ ಮೊದಲ ಸಲ.

"ಮಾತ್ರೆ ಮೊದ್ಲೂ ಇತ್ತಲ್ರಿ ಗೂಡಲ್ಲಿ. ಅದೇ ಮಾತ್ರೆ, ನನ್ನ ಕೈಲಿ ಇದ್ದಾಗ ಎಷ್ಟು? ಪುಸ್ತಕ ನೋಡ್ರಿ. 231. ಇವಳ ಕೈಗೆ ಹೋದಾಗ? 146. ನೂಲು ಒಂದೇ, ಕೈ ಬೇರೆ. ಇದರಲ್ಲಿ ತಪ್ಪು ಎಲ್ಲೈತೆ ತೋರಿಸ್ರಿ."

ವೈದ್ಯರು ನನ್ನ ಕಡೆ ನೋಡಿದರು. ನಾನು ಪುಸ್ತಕವನ್ನು ನೋಡಿದೆ. ಹಿಂದಕ್ಕೂ ಮುಂದಕ್ಕೂ ತಿರುವಿದೆ. ಒಂದು ಕಾಲದಲ್ಲಿ ಒಂದು ಮನೆಯಲ್ಲಿ ತೆಗೆದ ಸಂಖ್ಯೆಗಳು ಎಷ್ಟು ಹೇಳಬಲ್ಲವೋ ಅಷ್ಟನ್ನು ಮಾವ ಸರಿಯಾಗಿಯೇ ಓದಿದ್ದರು. ಅತ್ತೆ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ನಗುತ್ತಿದ್ದರೋ ಇಲ್ಲವೋ ಕಾಣಲಿಲ್ಲ.

"ಮಗ್ಗ ಬಿಡಬೇಕಾ ಡಾಕ್ಟ್ರೆ?" ಎಂದು ಮಾವ ಕೇಳಿದರು. ಅದಕ್ಕಾಗಿಯೇ ಅವರು ಬಂದಿದ್ದು. ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ವೈದ್ಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮಾವನ ಎಡಗಾಲನ್ನು ತಮ್ಮ ಮೊಣಕಾಲ ಮೇಲೆ ಇರಿಸಿಕೊಂಡು, ಹೆಬ್ಬೆರಳ ಪಕ್ಕ ಅಳತೆಪಟ್ಟಿ ಹಿಡಿದರು. ಓದಿ, ಇನ್ನೊಮ್ಮೆ ಹಿಡಿದು ಓದಿ, "ಹೋಗಿ ನೇಯಿರಿ" ಅಂದರು. ಬರೆದುಕೊಳ್ಳಲು ನನಗೆ ಸಂಖ್ಯೆ ಹೇಳಿದರು.

ಗಾಯದ ಅಗಲ 2 ಮಿಲಿಮೀಟರ್.